ರಿಬ್ಬನ್ನೋ ಮೆನುವೋ: ಲಿಬ್ರೆಆಫೀಸ್ ಒಳಗಿನ ಹಳೇ ಜಗಳ

ಇವತ್ತು ಹೊಸ ಫೋನ್ ಬಗ್ಗೆ ಮಾತಿಲ್ಲ, ಎಐ ಬಗ್ಗೆಯೂ ಇಲ್ಲ. ನಾವು ಅರ್ಜಿ, ಕರಾರುಪತ್ರ, ಮದುವೆ ಕಾಗದ ಟೈಪ್ ಮಾಡ್ತೀವಲ್ಲ, ಆ ಸಾಫ್ಟ್‌ವೇರ್ ಹೇಗಿರಬೇಕು ಅಂತ ಅದನ್ನು ಕಟ್ಟೋರೇ ವರ್ಷಗಟ್ಟಲೆ ವಾದ ಮಾಡ್ತಾ ಬಂದಿದ್ದಾರೆ. ಆ ವಾದದ ಬಗ್ಗೆ ಮಾತಾಡೋಣ. ಅದಕ್ಕೂ ಮೊದಲು, ನನ್ನಿಂದ ಒಂದು ಛಾಪಾ ಕಾಗದ ಹಾಳಾದ ಕಥೆ ಹೇಳಿಬಿಡ್ತೀನಿ.

ನಮ್ಮ ದೊಡ್ಡಪ್ಪ ಸಾಗರದಲ್ಲಿ ಒಂದು ಸಣ್ಣ ಜಾಬ್ ಟೈಪಿಂಗ್ ಅಂಗಡಿ ಇಟ್ಟುಕೊಂಡಿದ್ದಾರೆ. ಮೊದಲು ಟೈಪ್‌ರೈಟರ್, ಆಮೇಲೆ ಕಂಪ್ಯೂಟರ್. ಬಾಡಿಗೆ ಕರಾರು, ಅಫಿಡವಿಟ್, ಸಂಘದ ವರದಿ, ಶಾಲೆಯ ಪ್ರಶ್ನೆಪತ್ರಿಕೆ, ಎಲ್ಲ ಬರುತ್ತೆ. ಹಳೇ ಕಂಪ್ಯೂಟರ್ ಕೈಕೊಟ್ಟಾಗ ಹೊಸದಕ್ಕೆ ನಾನೇ ಲಿಬ್ರೆಆಫೀಸ್ ಹಾಕಿಕೊಟ್ಟಿದ್ದೆ. ದುಡ್ಡು ಕೊಡಬೇಕಿಲ್ಲ, ಕದ್ದ ಪ್ರತಿಯೂ ಅಲ್ಲ. ಎರಡು ವರ್ಷ ಸುಸೂತ್ರವಾಗಿ ನಡೀತು.

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿರೋನು. ಒಂದು ದೀಪಾವಳಿಗೆ ಊರಿಗೆ ಹೋದಾಗ, ದೊಡ್ಡಪ್ಪ ಮಲಗಿದ ಮೇಲೆ, ಅವರ ಕಂಪ್ಯೂಟರಿನಲ್ಲಿ ಒಂದು ‘ಸುಧಾರಣೆ’ ಮಾಡಿದೆ. ಹಳೇ ಮೆನು ಮತ್ತು ಎರಡು ಸಾಲು ಟೂಲ್‌ಬಾರ್ ತೆಗೆದು, ಟ್ಯಾಬ್ ಇರೋ ಹೊಸ ರೂಪಕ್ಕೆ ಬದಲಾಯಿಸಿದೆ. ನೋಡೋಕೆ ವರ್ಡ್ ಥರಾನೇ ಕಾಣುತ್ತೆ, ಗುಂಪು ಗುಂಪಾಗಿ ಬಟನ್‌ಗಳು, ಚೆಂದ. ಬೆಳಿಗ್ಗೆ ನೋಡಿ ಖುಷಿಪಡ್ತಾರೆ ಅಂದುಕೊಂಡು ನಾನೂ ಮಲಗಿದೆ.

ಬೆಳಿಗ್ಗೆ ಹತ್ತೂವರೆಗೆ ಒಂದು ಪಾರ್ಟಿ ಬಂತು. ಅಂಗಡಿ ಬಾಡಿಗೆ ಕರಾರು, ಇ-ಸ್ಟ್ಯಾಂಪ್ ಕಾಗದ ಕೈಯಲ್ಲೇ ಇದೆ. ಆ ಕಾಗದದ ಮೇಲ್ಭಾಗದಲ್ಲಿ ಮುದ್ರಾಂಕದ ವಿವರ ಇರುತ್ತೆ, ನಮ್ಮ ಮ್ಯಾಟರ್ ಅದರ ಕೆಳಗೆ ಬೀಳಬೇಕು. ಹಾಗಾಗಿ ಮೊದಲ ಪುಟದ ಮೇಲಿನ ಮಾರ್ಜಿನ್ ದೊಡ್ಡದಾಗಿ ಇಡಬೇಕು. ದೊಡ್ಡಪ್ಪ ಅದನ್ನು ಕಣ್ಣುಮುಚ್ಚಿ ಮಾಡೋರು. ಆಲ್ಟ್ ಒತ್ತಿ ‘ಒ’ ಒತ್ತಿದರೆ ಫಾರ್ಮ್ಯಾಟ್ ಮೆನು, ಅಲ್ಲಿಂದ ಪೇಜ್ ಸ್ಟೈಲ್. ಅವತ್ತು ಅಭ್ಯಾಸದ ಕೀಲಿ ಒತ್ತಿದರೆ ಅಭ್ಯಾಸದ ಜಾಗ ಬರಲೇ ಇಲ್ಲ. ಹುಡುಕಿದರು, ಸಿಗಲಿಲ್ಲ. ಪಾರ್ಟಿ ಗಡಿಯಾರ ನೋಡ್ತಾ ನಿಂತಿತ್ತು. ಕಡೆಗೆ ಎಂಟರ್ ಒತ್ತಿ ಒತ್ತಿ ಮ್ಯಾಟರನ್ನು ಕೆಳಗೆ ಇಳಿಸಿ ಪ್ರಿಂಟ್ ಕೊಟ್ಟರು. ಎರಡು ಸಾಲು ಮುದ್ರಾಂಕದ ಮೇಲೇ ಹತ್ತಿ ಕೂತಿತ್ತು. ಕಾಗದ ವ್ಯರ್ಥ. ಹೊಸ ಕಾಗದ ತರಬೇಕು, ಅವತ್ತಿನ ಕೆಲಸ ನಾಳೆಗೆ ಹೋಯ್ತು.

ನಾನು ಸ್ನಾನ ಮುಗಿಸಿ ಅಂಗಡಿಗೆ ಹೋದಾಗ ದೊಡ್ಡಪ್ಪ ಬೈಯಲಿಲ್ಲ. ‘ನಂಗೆ ಹೇಳಿ ಮಾಡಬೋದಿತ್ತಲ್ಲೋ’ ಅಂದರು, ಅಷ್ಟೇ. ಕಾಗದದ ದುಡ್ಡು ನಾನೇ ಕೊಟ್ಟೆ. ಆದರೆ ಆ ಮಾತು ಉಳಕೊಂಡಿತು. ಯಾಕೆಂದರೆ ನಾನು ಮಾಡಿದ್ದು ನನ್ನೊಬ್ಬನ ತಪ್ಪಲ್ಲ, ಡಿಸೈನ್ ಸುಧಾರಿಸ್ತೀವಿ ಅಂತ ಹೊರಟ ಎಲ್ಲರೂ ಎಡವೋ ಜಾಗ ಅದು. ಅವತ್ತಿನಿಂದ ಲಿಬ್ರೆಆಫೀಸ್ ಕಟ್ಟೋರ ಚರ್ಚೆಗಳನ್ನು ಬಿಡುವಾದಾಗೆಲ್ಲ ಓದ್ತಾ ಬಂದೆ. ಅವೆಲ್ಲ ಬಹಿರಂಗವಾಗಿವೆ, ಯಾರು ಬೇಕಾದರೂ ಓದಬಹುದು, ತಮ್ಮ ಮಾತನ್ನೂ ಸೇರಿಸಬಹುದು.

ಹಿನ್ನೆಲೆ ಚುಟುಕಾಗಿ ಹೇಳ್ತೀನಿ. ಜರ್ಮನಿಯ ಲ್ಯೂನೆಬುರ್ಗ್‌ನಲ್ಲಿ ಮಾರ್ಕೋ ಬ್ಯೋರಿಸ್ ಅನ್ನೋ ಹುಡುಗ 1980ರ ದಶಕದಲ್ಲಿ ಶುರುಮಾಡಿದ ಕಂಪನಿ ಸ್ಟಾರ್ ಡಿವಿಷನ್. ಅದರ ಸ್ಟಾರ್‌ಆಫೀಸನ್ನು 1999ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕೊಂಡುಕೊಂಡು, ಮರುವರ್ಷ ಅದರ ಮೂಲ ಕೋಡ್ ಬಿಡುಗಡೆ ಮಾಡಿತು. ಅದೇ ಓಪನ್‌ಆಫೀಸ್. 2010ರಲ್ಲಿ ಸನ್ ಕಂಪನಿ ಒರಾಕಲ್ ಪಾಲಾದಾಗ, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೆಲಸ ಮಾಡ್ತಿದ್ದವರು ಬೇರೆಯಾಗಿ ದಿ ಡಾಕ್ಯುಮೆಂಟ್ ಫೌಂಡೇಶನ್ ಕಟ್ಟಿದರು, ಲಿಬ್ರೆಆಫೀಸ್ ಹುಟ್ಟಿತು. ಅಂದರೆ ಈ ಕೋಡಿನ ಬೇರು ನಮ್ಮಲ್ಲಿ ಅನೇಕರ ವಯಸ್ಸಿಗಿಂತ ಹಳೇದು.

ಜಗಳದ ಬೀಜ ಬಿದ್ದದ್ದು ಹೊರಗಡೆ, ಮೈಕ್ರೋಸಾಫ್ಟ್ ಆಫೀಸ್ 2007ರಲ್ಲಿ. ಅವರು ಮೆನು ಮತ್ತು ಟೂಲ್‌ಬಾರ್ ಎರಡನ್ನೂ ಕಿತ್ತು ಹಾಕಿ ರಿಬ್ಬನ್ ತಂದರು. ಸುಮ್ಮನೆ ತರಲಿಲ್ಲ. ಆಫೀಸ್ 2003 ಬಳಸೋರಲ್ಲಿ ಒಪ್ಪಿಕೊಂಡವರಿಂದ ಯಾವ ಬಟನ್ ಎಷ್ಟು ಸಲ ಒತ್ತುತ್ತಾರೆ ಅನ್ನೋ ಲೆಕ್ಕ ತರಿಸಿಕೊಂಡಿದ್ದರು. ಆ ಯೋಜನೆಯ ಮುಂದಾಳು ಜೆನ್ಸನ್ ಹ್ಯಾರಿಸ್ 2006ರಲ್ಲಿ ಅದನ್ನು ಬರೆದೇ ಬಿಟ್ಟರು: ವರ್ಡ್‌ನಲ್ಲಿ ಜನ ಅತಿ ಹೆಚ್ಚು ಬಳಸೋದು ಪೇಸ್ಟ್, ಸೇವ್, ಕಾಪಿ, ಅನ್‌ಡೂ, ಬೋಲ್ಡ್. ಈ ಐದೇ ಆಜ್ಞೆಗಳು ಒಟ್ಟು ಬಳಕೆಯಲ್ಲಿ ಸುಮಾರು ಶೇ 32. ಪೇಸ್ಟ್ ಒಂದೇ ಶೇ 11ಕ್ಕಿಂತ ಹೆಚ್ಚು. ರಿಬ್ಬನ್‌ನಲ್ಲಿ ಎಡತುದಿಗೆ ಪೇಸ್ಟ್ ಬಟನ್ ಗಾತ್ರ ನೋಡಿ, ಈ ಲೆಕ್ಕ ಅಲ್ಲೇ ಕಾಣುತ್ತೆ.

ಹಾಗಾದರೆ ಓಪನ್‌ಆಫೀಸ್‌ನವರು ಯಾಕೆ ತಕ್ಷಣ ಹಾಗೇ ಮಾಡಲಿಲ್ಲ? ಒಂದು ಕಾರಣ ಕಾನೂನಿನದು. ಮೈಕ್ರೋಸಾಫ್ಟ್ ಆ ವಿನ್ಯಾಸ ಬಳಸೋಕೆ ಬೇರೆಯವರಿಗೆ ಉಚಿತ ಪರವಾನಗಿ ಕೊಡ್ತೀವಿ ಅಂತ 2006ರಲ್ಲಿ ಹೇಳಿತ್ತು, ಆದರೆ ವರ್ಡ್, ಎಕ್ಸೆಲ್ ಮುಂತಾದವಕ್ಕೆ ಎದುರಾಳಿಯಾಗೋ ತಂತ್ರಾಂಶಕ್ಕೆ ಮಾತ್ರ ಇಲ್ಲ ಅಂತಾನೂ ಹೇಳಿತ್ತು. ಊಟಕ್ಕೆ ಎಲ್ಲರನ್ನೂ ಕರೆದು ಪಕ್ಕದ ಮನೆಯವರನ್ನು ಬಿಟ್ಟ ಹಾಗೆ. ಇನ್ನೊಂದು ಕಾರಣ ಒಳಗಿನದು. ಸನ್ ಕಾಲದಲ್ಲೇ ‘ರಿನೇಸಾನ್ಸ್’ ಅನ್ನೋ ಹೆಸರಲ್ಲಿ ಹೊಸ ರೂಪದ ಪ್ರಯತ್ನ ನಡೀತು, 2009ರಲ್ಲಿ ಇಂಪ್ರೆಸ್‌ಗೆ ಒಂದು ಮಾದರಿ ತೋರಿಸಿದರು. ‘ಇದು ರಿಬ್ಬನ್ ನಕಲು’ ಅಂತ ಬಳಕೆದಾರರೇ ಗಲಾಟೆ ಎಬ್ಬಿಸಿದರು. ಆಮೇಲೆ ಕಂಪನಿಯೇ ಕೈಬದಲಾಯ್ತು, ಅದೂ ಅಲ್ಲಿಗೇ ನಿಂತಿತು.

ಈಗ ವಾದಕ್ಕೆ ಬರೋಣ. ಯಾವ ವರ್ಷದ ಚರ್ಚೆ ತೆರೆದರೂ ಇಬ್ಬರು ಸಿಕ್ಕೇ ಸಿಗ್ತಾರೆ. ಒಬ್ಬರು ಹೇಳೋದು: ‘ಇದು ತೊಂಬತ್ತರ ದಶಕದ ಸಾಫ್ಟ್‌ವೇರ್ ಥರ ಕಾಣುತ್ತೆ, ಹೊಸಬರು ತೆರೆದ ಕೂಡಲೇ ಮುಚ್ಚುತ್ತಾರೆ, ರಿಬ್ಬನ್ ಕೊಡಿ.’ ಇನ್ನೊಬ್ಬರು: ‘ರಿಬ್ಬನ್ ಇಲ್ಲ ಅಂತಲೇ ನಾನು ಇಲ್ಲಿಗೆ ಬಂದಿದ್ದು.’ ಇಬ್ಬರದ್ದೂ ಸತ್ಯವೇ. ಒಬ್ಬರಿಗೆ ಬಾಗಿಲು ದೊಡ್ಡದಾಗಬೇಕು, ಇನ್ನೊಬ್ಬರಿಗೆ ಮನೆಯೊಳಗಿನ ಪಾತ್ರೆ ಇದ್ದಲ್ಲೇ ಇರಬೇಕು.

ಇವರ ನಡುವೆ ಇನ್ನೂ ಮೂರು ನಾಲ್ಕು ದನಿಗಳಿವೆ, ನನಗೆ ಹೆಚ್ಚು ಹಿಡಿಸಿದ್ದು ಅವು. ಪರದೆಯ ಆಕಾರದ ಬಗ್ಗೆ ಮಾತಾಡೋರು ಒಂದು ಗುಂಪು. ನಮ್ಮ ಲ್ಯಾಪ್‌ಟಾಪ್‌ಗಳು ಅಡ್ಡಕ್ಕೆ ಉದ್ದ, ಎತ್ತರ ಕಮ್ಮಿ. 1366ಕ್ಕೆ 768 ಅಂದರೆ ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಈಗಲೂ ಇರೋ ಪರದೆ. ಕಾಗದ ಮಾತ್ರ ಉದ್ದಕ್ಕೆ ಉದ್ದ. ಮೇಲ್ಗಡೆ ದಪ್ಪ ರಿಬ್ಬನ್ ಇಟ್ಟರೆ ಬರೆಯೋ ಜಾಗವೇ ಕಮ್ಮಿ. ಅದಕ್ಕೆ ಬಲಗಡೆ ಖಾಲಿ ಇರೋ ಜಾಗದಲ್ಲಿ ಸಲಕರಣೆ ಇಡಿ ಅಂತ ಇವರ ವಾದ. ಇದು ಬರೀ ಮಾತಾಗಿ ಉಳಿಯಲಿಲ್ಲ. ಐಬಿಎಂನ ಲೋಟಸ್ ಸಿಂಫನಿಯಲ್ಲಿದ್ದ ಸೈಡ್‌ಬಾರ್ 2013ರಲ್ಲಿ ಅಪಾಚೆ ಓಪನ್‌ಆಫೀಸ್‌ಗೆ ಬಂತು, ಅಲ್ಲಿಂದ ಲಿಬ್ರೆಆಫೀಸ್‌ಗೂ ಬಂತು. ಈಗ ಬಲಬದಿಯಲ್ಲಿ ಕಾಣೋದು ಅದೇ.

ಇನ್ನೊಂದು ಗುಂಪು ಕೀಲಿಮಣೆಯವರದ್ದು, ನಮ್ಮ ದೊಡ್ಡಪ್ಪನ ಪೈಕಿ. ಇದರಲ್ಲಿ ಕಣ್ಣು ಕಾಣದವರೂ ಇದ್ದಾರೆ ಅನ್ನೋದು ನನಗೆ ಹೊಳೆದೇ ಇರಲಿಲ್ಲ. ಸ್ಕ್ರೀನ್ ರೀಡರ್ ಬಳಸೋರಿಗೆ ಮೆನು ಅಂದರೆ ಒಂದು ಮೆಟ್ಟಿಲು, ಒಂದರ ಕೆಳಗೆ ಒಂದು, ಹೆಸರು ಓದಿಸಿಕೊಂಡು ಇಳೀಬಹುದು. ಚಿತ್ರಗಳ ಗುಂಪನ್ನು ಹಾಗೆ ಇಳಿಯೋಕೆ ಆಗಬೇಕಾದರೆ ಪ್ರತಿ ಬಟನ್‌ಗೂ ಸರಿಯಾದ ಹೆಸರು, ಸರಿಯಾದ ಕ್ರಮ ಹಿಂದಿನಿಂದ ಕೊಟ್ಟಿರಬೇಕು. ಕಣ್ಣಿಗೆ ಚೆಂದ ಕಾಣೋ ಬದಲಾವಣೆಯಲ್ಲಿ ಮೊದಲು ಮರೆತುಹೋಗೋದೇ ಇದು.

ಮತ್ತೆ ‘ಸ್ಟೈಲ್’ ವಾದಿಗಳು. ಇವರ ಪ್ರಕಾರ ಬಟನ್ ಎಲ್ಲಿರಬೇಕು ಅನ್ನೋ ಪ್ರಶ್ನೆಯೇ ತಪ್ಪು. ರೈಟರ್ ಅನ್ನೋ ಸಾಫ್ಟ್‌ವೇರ್ ಕಟ್ಟಿರೋದೇ ಸ್ಟೈಲ್‌ಗಳ ಮೇಲೆ: ಶೀರ್ಷಿಕೆ ಹೀಗೆ, ಪ್ಯಾರಾ ಹೀಗೆ, ಪುಟ ಹೀಗೆ ಅಂತ ಒಂದು ಸಲ ಹೇಳಿಬಿಟ್ಟರೆ ಆಯ್ತು. ಜನ ಮಾತ್ರ ಬೋಲ್ಡ್, ಸ್ಪೇಸ್, ಎಂಟರ್ ಒತ್ತಿ ಕೆಲಸ ಮುಗಿಸ್ತಾರೆ. ಆಮೇಲೆ ನೂರು ಪುಟದಲ್ಲಿ ಏನೋ ಬದಲಾಯಿಸಬೇಕಾದಾಗ ತಲೆ ಮೇಲೆ ಕೈ. ಇವರ ಒತ್ತಾಯದ ಫಲ ನಿಧಾನಕ್ಕೆ ಬಂದಿದೆ. 2016ರ 5.1 ಆವೃತ್ತಿಯಲ್ಲಿ ರೈಟರ್‌ಗೆ ಸ್ಟೈಲ್‌ಗಳಿಗಂತಲೇ ಒಂದು ಮೆನು ಬಂತು. 2023ರ 7.6ರಲ್ಲಿ ಎಲ್ಲೆಲ್ಲಿ ಸ್ಟೈಲ್ ಬಿಟ್ಟು ಕೈಯಿಂದ ತಿದ್ದಿದ್ದೀರಿ ಅಂತ ಬಣ್ಣ ಹಾಕಿ ತೋರಿಸೋ ಸೌಲಭ್ಯ ಬಂತು. ದೊಡ್ಡಪ್ಪನ ಎಂಟರ್ ಸಾಲುಗಳನ್ನು ನೋಡಿದ್ದರೆ ಇವರು ಕಣ್ಣೀರು ಹಾಕ್ತಿದ್ದರು.

ಐಕಾನ್ ಜಗಳವೂ ಇದೆ. ಸೇವ್ ಬಟನ್ ಮೇಲೆ ಫ್ಲಾಪಿ ಚಿತ್ರ ಯಾಕೆ, ಇವತ್ತಿನ ಮಕ್ಕಳು ಫ್ಲಾಪಿ ನೋಡೇ ಇಲ್ಲ ಅಂತ. ನಾನು ಇದರಲ್ಲಿ ಯಾವ ಪಕ್ಷವೂ ಅಲ್ಲ. ದೊಡ್ಡಪ್ಪನ ಬೀರುವಿನಲ್ಲಿ ಇನ್ನೂ ಒಂದು ಡಬ್ಬ ಫ್ಲಾಪಿ ಇವೆ, ಒಂದೊಂದರಲ್ಲೂ 1.44 ಎಂಬಿ. ಅದರೊಳಗಿನ ಮ್ಯಾಟರ್ ಯಾವ ಫಾಂಟಿನದ್ದೋ, ಈಗ ತೆರೆದರೂ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

ಇಷ್ಟೂ ದನಿಗಳ ನಡುವೆ ಒಂದು ಕೊರತೆ ಇದೆ. ಮೈಕ್ರೋಸಾಫ್ಟ್ ಹತ್ತಿರ ಇದ್ದಂಥ ಲೆಕ್ಕ ಇಲ್ಲಿ ಕೈಗೆ ಸಿಗೋದಿಲ್ಲ. ಬಳಸೋರನ್ನು ಹಿಂಬಾಲಿಸಬಾರದು ಅನ್ನೋದು ಮುಕ್ತ ತಂತ್ರಾಂಶದ ಜನರ ಗಟ್ಟಿ ನಂಬಿಕೆ, ನನಗೂ ಅದು ಸರಿ ಅನ್ಸುತ್ತೆ. ಆದರೆ ಅದಕ್ಕೆ ಬೆಲೆ ಇದೆ: ಯಾರು ಚರ್ಚೆಗೆ ಬಂದು ಬರೆಯುತ್ತಾರೋ ಅವರೇ ‘ಬಳಕೆದಾರರು’ ಆಗಿಬಿಡ್ತಾರೆ. ಸಾಗರದ ಟೈಪಿಂಗ್ ಅಂಗಡಿ ಆ ಲೆಕ್ಕಕ್ಕೆ ಬರೋದೇ ಇಲ್ಲ.

ಕಡೆಗೆ ಅವರು ತೀರ್ಮಾನಿಸಿದ್ದು ಏನು? ಎರಡೂ ಇರಲಿ ಅಂತ. 2016ರ ಡಿಸೆಂಬರ್‌ನಲ್ಲಿ ‘ಮಫಿನ್’ ಅನ್ನೋ ಹೆಸರಿನಲ್ಲಿ ಈ ಯೋಚನೆ ಪ್ರಕಟಿಸಿದರು. ಹೌದು, ಬೇಕರಿಯಲ್ಲಿ ಸಿಗೋ ಮಫಿನ್ನೇ. ಒಂದೇ ಹಿಟ್ಟು, ಬೇರೆ ಬೇರೆ ರುಚಿ. ಫೆಬ್ರುವರಿ 2017ರ 5.3 ಆವೃತ್ತಿಯಲ್ಲಿ ‘ನೋಟ್‌ಬುಕ್‌ಬಾರ್’ ಪ್ರಯೋಗವಾಗಿ ಬಂತು, 2019ರ 6.2ರಲ್ಲಿ ಟ್ಯಾಬ್ ರೂಪ ಪ್ರಯೋಗದ ಹಂತ ದಾಟಿತು, 2021ರ 7.1ರಲ್ಲಿ ಯಾವ ರೂಪ ಬೇಕು ಅಂತ ಆರಿಸಿಕೊಳ್ಳೋ ಕಿಟಕಿ ಬಂತು. ಹಳೇ ಮೆನು ಎಲ್ಲಿಗೂ ಹೋಗಿಲ್ಲ. ಯಾರನ್ನೂ ಹೊರಗೆ ಹಾಕಲಿಲ್ಲ.

ಕೇಳೋಕೆ ಎಷ್ಟು ಸುಲಭ ನೋಡಿ. ಆದರೆ ಎರಡೂ ಇಟ್ಟುಕೊಳ್ಳೋದು ಅಂದರೆ ಎರಡು ಅಡುಗೆಮನೆ ನಡೆಸಿದ ಹಾಗೆ. ಹೊಸದೊಂದು ಆಜ್ಞೆ ಬಂದರೆ ಅದನ್ನು ಮೆನುವಿನಲ್ಲೂ ಇಡಬೇಕು, ಟ್ಯಾಬ್‌ನಲ್ಲೂ ಇಡಬೇಕು, ಉಳಿದ ರೂಪಗಳಲ್ಲೂ ಇಡಬೇಕು. ಒಂದು ಕಡೆ ಮರೆತರೆ ಅಲ್ಲಿನವರಿಗೆ ಅದು ಇಲ್ಲವೇ ಇಲ್ಲ. ಸಹಾಯದ ಪುಟಗಳಲ್ಲಿ ದಾರಿ ಎರಡೆರಡು ಸಲ ಬರೀಬೇಕು. ಇನ್ನು ಫೋನಿನಲ್ಲಿ ಹೇಳಿಕೊಡೋ ನನ್ನಂಥವರ ಪಾಡು! ‘ಫಾರ್ಮ್ಯಾಟ್ ಒತ್ತಿ’ ಅನ್ನೋಕೆ ಮುಂಚೆ ‘ನಿಮಗೆ ಮೇಲ್ಗಡೆ ಏನು ಕಾಣ್ತಿದೆ?’ ಅಂತ ಕೇಳಬೇಕು. ಅವರು ‘ಎಲ್ಲಾ ಕಾಣ್ತಿದೆ’ ಅಂತಾರೆ.

ಆದರೂ ಆ ತೀರ್ಮಾನ ಸರಿ ಅಂತಲೇ ನನ್ನ ಅಭಿಪ್ರಾಯ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸರ್ಕಾರ 2024ರಲ್ಲಿ ತನ್ನ ಸುಮಾರು 30,000 ಕಂಪ್ಯೂಟರ್‌ಗಳನ್ನು ಲಿಬ್ರೆಆಫೀಸ್‌ಗೆ ಒಯ್ಯೋಕೆ ತೀರ್ಮಾನಿಸಿತು. ಅಷ್ಟು ಮೇಜುಗಳ ಮುಂದೆ ಕೂತಿರೋರಲ್ಲಿ ಎಷ್ಟು ಥರದ ಕೈಗಳಿರಬಹುದು ಯೋಚಿಸಿ. ಒಂದೇ ರೂಪ ಹೇರಿದ್ದರೆ ನಮ್ಮ ಅಂಗಡಿಯ ಬೆಳಗು ಅಲ್ಲಿ ಪ್ರತಿ ಮೇಜಿನಲ್ಲೂ ಆಗ್ತಿತ್ತು.

ಇಲ್ಲಿಗೆ ನಿಲ್ಲಿಸಿದರೆ ಅರ್ಧ ಮಾತು ಹೇಳಿದ ಹಾಗೆ. ಈಗಷ್ಟೇ ಹೇಳಿದ 5.3 ಇದೆಯಲ್ಲ, ನೋಟ್‌ಬುಕ್‌ಬಾರ್ ಬಂದ ಆವೃತ್ತಿ, ಅದರಲ್ಲೇ ಇನ್ನೊಂದು ಬದಲಾವಣೆ ಬಂತು. ಅದಕ್ಕೆ ಗಲಾಟೆ ಆಗಲಿಲ್ಲ, ಸುದ್ದಿಯೂ ಕಮ್ಮಿ. ಅಕ್ಷರ ಜೋಡಿಸೋ ಯಂತ್ರವನ್ನೇ ಬದಲಾಯಿಸಿದರು. ಅಲ್ಲಿಯವರೆಗೆ ವಿಂಡೋಸ್‌ನಲ್ಲಿ ಒಂದು, ಮ್ಯಾಕ್‌ನಲ್ಲಿ ಒಂದು, ಲಿನಕ್ಸ್‌ನಲ್ಲಿ ಇನ್ನೊಂದು ಯಂತ್ರ ಈ ಕೆಲಸ ಮಾಡ್ತಿತ್ತು. 5.3ರಿಂದ ಎಲ್ಲ ಕಡೆಗೂ ‘ಹಾರ್ಫ್‌ಬಜ್’ ಅನ್ನೋ ಒಂದೇ ಯಂತ್ರ. ಪಾರಸಿಯಲ್ಲಿ ಹರ್ಫ್ ಅಂದರೆ ಅಕ್ಷರ. ಇರಾನ್ ಮೂಲದ ಬೆಹ್ದಾದ್ ಎಸ್ಫಹ್ಬೋದ್ ಬೆಳೆಸಿದ ಮುಕ್ತ ಕೋಡ್ ಅದು.

ಇಂಗ್ಲಿಷಿನವರಿಗೆ ಇದರಿಂದ ದೊಡ್ಡ ವ್ಯತ್ಯಾಸವೇನೂ ಕಾಣಲಿಕ್ಕಿಲ್ಲ. ನಮಗೆ ಇದೇ ಡಿಸೈನ್. ‘ಸ್ತ್ರೀ’ ಅಂತ ಬರೆದರೆ ಕಣ್ಣಿಗೆ ಒಂದು ಅಕ್ಷರ, ಕಂಪ್ಯೂಟರ್ ಒಳಗೆ ಆರು ಸಂಕೇತ: ಸ, ವಿರಾಮ, ತ, ವಿರಾಮ, ರ, ಈ-ಕಾರ. ಆ ಆರನ್ನು ಕೂಡಿಸಿ ಒತ್ತು ಕೆಳಗೆ, ಗುಡಿಸು ಮೇಲೆ ಕೂರಿಸೋದು ಈ ಯಂತ್ರ. ಅದು ಕಂಪ್ಯೂಟರಿಂದ ಕಂಪ್ಯೂಟರಿಗೆ ಬೇರೆ ಬೇರೆ ಆದರೆ, ದೊಡ್ಡಪ್ಪ ವಿಂಡೋಸ್‌ನಲ್ಲಿ ಮಾಡಿದ ಕರಾರು ನನ್ನ ಲಿನಕ್ಸ್‌ನಲ್ಲಿ ಸಾಲು ಮುರಿದು ಇನ್ನೊಂದು ಪುಟಕ್ಕೆ ಹೋಗೋ ಸಾಧ್ಯತೆ ಇರುತ್ತೆ.

ಇಂಥ ಪ್ರಶ್ನೆಗಳು ಇನ್ನೂ ಇವೆ, ಯಾವ ರಿಬ್ಬನ್ ಬಂದರೂ ಬಗೆಹರಿಯದವು. ‘ರ‍್ಯಾಂಕ್’ ಅಂತ ಬರೀಬೇಕಾದರೆ ರ ಮತ್ತು ವಿರಾಮದ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಹಾಕಬೇಕು. ಇಲ್ಲದಿದ್ದರೆ ಅರ್ಕಾವೊತ್ತು ಬಂದು ‘ರ್ಯಾಂಕ್’ ಆಗುತ್ತೆ. ಆ ಸಂಕೇತ ಎಲ್ಲಿದೆ ಅಂತ ಬರೆಯೋರಿಗೆ ಹೇಗೆ ತೋರಿಸಬೇಕು? ಇನ್ನೊಂದು ಬ್ಯಾಕ್‌ಸ್ಪೇಸ್. ‘ಸ್ತ್ರೀ’ ಮುಂದೆ ನಿಂತು ಒಂದು ಸಲ ಒತ್ತಿದರೆ ಆರರಲ್ಲಿ ಒಂದು ಹೋಗಬೇಕೋ, ಇಡೀ ಅಕ್ಷರವೇ ಹೋಗಬೇಕೋ? ನಾನು ಒಂದೊಂದೇ ಹೋಗಲಿ ಅನ್ನೋನು, ಕಡೆಯ ತಪ್ಪು ಮಾತ್ರ ತಿದ್ದಬಹುದಲ್ಲ. ದೊಡ್ಡಪ್ಪ ಟೈಪ್‌ರೈಟರಿನಿಂದ ಬಂದವರು. ‘ಕಣ್ಣಿಗೆ ಒಂದಾದ್ರೆ ಕೈಗೂ ಒಂದೇ ಆಗ್ಬೇಕು’ ಅಂತಾರೆ. ನಮ್ಮಿಬ್ಬರಲ್ಲೇ ಇದು ಇತ್ಯರ್ಥ ಆಗಿಲ್ಲ.

ಆಮೇಲೆ ಹೆಸರಿನ ವಿಷಯ. ಲಿಬ್ರೆಆಫೀಸ್‌ನ ಭಾಷಾ ಆಯ್ಕೆಗಳಲ್ಲಿ ಕನ್ನಡ ಬರೋದು ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಅನ್ನೋ ಗುಂಪಿನಲ್ಲಿ. ಅರಬ್ಬಿ, ಹೀಬ್ರೂ, ಥಾಯ್, ಹಿಂದಿ, ಕನ್ನಡ ಎಲ್ಲ ಒಂದೇ ಬುಟ್ಟಿ. ಸ್ಟೈಲ್ ತಿದ್ದೋ ಕಿಟಕಿಯಲ್ಲಿ ಪಾಶ್ಚಾತ್ಯ ಅಕ್ಷರಕ್ಕೆ ಬೇರೆ ಗಾತ್ರ, ಈ ಗುಂಪಿಗೆ ಬೇರೆ ಗಾತ್ರ. ಅದು ಗೊತ್ತಿಲ್ಲದೆ ಮೊದಲನೆಯದನ್ನು 14 ಮಾಡಿ, ಕನ್ನಡ ಯಾಕೆ ದೊಡ್ಡದಾಗ್ಲಿಲ್ಲ ಅಂತ ಕೂತವರು ಎಷ್ಟೋ. ಒಳಗಿನ ಕಾರಣ ನನಗೆ ಅರ್ಥವಾಗುತ್ತೆ, ಒಂದೇ ಪ್ಯಾರಾದಲ್ಲಿ ಇಂಗ್ಲಿಷಿಗೊಂದು ಫಾಂಟು, ಕನ್ನಡಕ್ಕೊಂದು ಫಾಂಟು ಇಡೋಕೆ ಇದು ಒಳ್ಳೇ ಏರ್ಪಾಡೇ. ಆದರೆ ಹೆಸರು? ‘ಕಾಂಪ್ಲೆಕ್ಸ್ ಅಂದ್ರೆ ಕ್ಲಿಷ್ಟ ಅಲ್ವೇನೋ? ನಂಗೆ ಕ್ಲಿಷ್ಟ ಇಂಗ್ಲಿಷು’ ಅಂದರು ದೊಡ್ಡಪ್ಪ.

ಇಂಥದ್ದನ್ನು ಹೇಳೋರು ಚರ್ಚೆಯಲ್ಲಿ ಇರಬೇಕು. ಲಿಬ್ರೆಆಫೀಸ್‌ನಲ್ಲಿ ಕಾಗುಣಿತ ನೋಡೋ ಯಂತ್ರದ ಹೆಸರು ಹನ್‌ಸ್ಪೆಲ್. ಅದು ಹಂಗೇರಿಯನ್ ಭಾಷೆಗಾಗಿ ಹುಟ್ಟಿದ್ದು. ಅವರದ್ದೂ ನಮ್ಮ ಹಾಗೆ ಪದಕ್ಕೆ ಪ್ರತ್ಯಯ ಅಂಟಿಸ್ತಾ ಹೋಗೋ ಭಾಷೆ, ಇಂಗ್ಲಿಷಿನ ಲೆಕ್ಕದ ಪದಪಟ್ಟಿ ಅವರಿಗೆ ಸಾಲಲಿಲ್ಲ. ಅಲ್ಲಿನವರು ತಮ್ಮ ಭಾಷೆಗೆ ಬೇಕಾದ್ದನ್ನು ತಾವೇ ಬರೆದರು. ಅದೀಗ ಫೈರ್‌ಫಾಕ್ಸ್‌ನಲ್ಲೂ ಇದೆ, ಕ್ರೋಮ್‌ನಲ್ಲೂ ಇದೆ.

ನಾನು ಈಗ ಮಾಡೋದು ಚಿಕ್ಕ ಕೆಲಸ. ತಿಂಗಳಿಗೊಮ್ಮೆ ದೊಡ್ಡಪ್ಪನ ಪಕ್ಕ ಒಂದು ಗಂಟೆ ಸುಮ್ಮನೆ ಕೂರ್ತೀನಿ. ಏನನ್ನೂ ಮುಟ್ಟಲ್ಲ. ಅವರು ಎಲ್ಲಿ ನಿಲ್ತಾರೆ, ಎಲ್ಲಿ ಗೊಣಗ್ತಾರೆ ಬರ್ಕೊಳ್ತೀನಿ. ಮನೆಗೆ ಬಂದು ಅದರಲ್ಲಿ ಒಂದನ್ನು ಇಂಗ್ಲಿಷಿನಲ್ಲಿ, ಚಿತ್ರ ಸಮೇತ, ಯಾವ ಆವೃತ್ತಿ, ಯಾವ ಫಾಂಟು ಅಂತ ಸೇರಿಸಿ ಕಟ್ಟೋರಿಗೆ ಬರೀತೀನಿ. ಇ-ಸ್ಟ್ಯಾಂಪ್ ಕಾಗದಕ್ಕೆ ಒಂದು ಟೆಂಪ್ಲೇಟ್ ಮಾಡಿಟ್ಟಿದ್ದೀವಿ, ಮೊದಲ ಪುಟದ ಮಾರ್ಜಿನ್ ಅದರಲ್ಲೇ ಇದೆ. ಈ ಸಲ ಕೇಳಿ ಮಾಡಿದ್ದು.

ಅಂಗಡಿಗೆ ಈಗ ಎರಡನೇ ಕಂಪ್ಯೂಟರ್ ಬಂದಿದೆ, ಕಾಲೇಜು ಮುಗಿಸಿದ ಹುಡುಗಿಯೊಬ್ಬಳು ಕೆಲಸಕ್ಕಿದ್ದಾಳೆ. ಕಂಪ್ಯೂಟರ್ ಕ್ಲಾಸಿನಲ್ಲಿ ವರ್ಡ್ ಕಲಿತವಳು. ಬಂದ ದಿನವೇ ಹಳೇ ಮೆನು ನೋಡಿ ‘ಇದೇನ್ ಸಾರ್, ಎಲ್ಲಿ ಏನಿದೆ ಗೊತ್ತಾಗಲ್ಲ’ ಅಂದಳಂತೆ. ದೊಡ್ಡಪ್ಪ ನನಗೆ ಫೋನ್ ಮಾಡಿ, ‘ಅವತ್ತು ನೀನು ಹಾಕಿದ್ಯಲ್ಲ, ಆ ರಿಬ್ಬನ್ನು, ಅದು ಎಲ್ಲಿ ಸಿಗುತ್ತೆ ಹೇಳು’ ಅಂದರು. ವ್ಯೂ ಮೆನು, ಅದರಲ್ಲಿ ಯೂಸರ್ ಇಂಟರ್‌ಫೇಸ್, ಅದರಲ್ಲಿ ಟ್ಯಾಬ್ಡ್ ಅಂತ ಹೇಳಿದೆ. ಅವಳ ಕಂಪ್ಯೂಟರಿಗೆ ಅವರೇ ಹಾಕಿಕೊಟ್ಟರು. ಅವರದ್ದು ಹಾಗೇ ಇದೆ.

ನಿಮ್ಮ ಅಂಗಡಿಯಲ್ಲಿ, ಶಾಲೆಯಲ್ಲಿ, ಆಫೀಸಿನಲ್ಲಿ ಕನ್ನಡ ಟೈಪ್ ಮಾಡುವಾಗ ಕೈ ಎಲ್ಲಿ ನಿಲ್ಲುತ್ತೆ ಅಂತ ಕಾಮೆಂಟಿನಲ್ಲಿ ಬರೆಯಿರಿ. ಯಾವ ಸಾಫ್ಟ್‌ವೇರ್, ಯಾವ ಆವೃತ್ತಿ ಅನ್ನೋದನ್ನು ಮರೀಬೇಡಿ. ಮುಂದಿನ ಸಂಚಿಕೆಯಲ್ಲಿ ಹಳೇ ಫಾಂಟಿನಲ್ಲಿ ಸಿಕ್ಕಿಹಾಕಿಕೊಂಡಿರೋ ಕಡತಗಳನ್ನು ಯೂನಿಕೋಡಿಗೆ ತರೋ ಬಗ್ಗೆ ಮಾತಾಡೋಣ, ದೊಡ್ಡಪ್ಪನ ಫ್ಲಾಪಿ ಡಬ್ಬ ಕೇಳಿ ತಗೊಂಡು ಬಂದಿದ್ದೀನಿ.